ಅರ್ಜಿಯ ಕೊನೆಯ ಪ್ಯಾರಾ

ಬೆನಕಪ್ಪನವರ ವಾದ ಒಂದೇ ಇತ್ತು. ವಿನೋದ ವನದ ಹೊಸ ಭಾಗವನ್ನು ಒಮ್ಮೆಲೇ ತೆರೆಯಬಾರದು. ಮೊದಲು ಮಕ್ಕಳ ರೈಲು, ಆಮೇಲೆ ದೋಣಿ, ಅದಾದ ಮೇಲೆ ಜಾತ್ರೆಯಲ್ಲಿ ಸುತ್ತುವಂಥ ದೊಡ್ಡ ತೊಟ್ಟಿಲು, ಕೊನೆಗೆ ಭೂತದ ಗವಿ. ನಡುವೆ ಮೂರು ಮೂರು ತಿಂಗಳಾದರೂ ಬಿಡಬೇಕು. 1985ರ ದೀಪಾವಳಿಯಿಂದ ಮುಂದಿನ ಮೂರು ತಿಂಗಳು, ಕೊಟ್ಟೂರಿನ ರೈಲು ನಿಲ್ದಾಣದ ಎದುರಿಗಿದ್ದ ಮಂಜಣ್ಣನ ಚಹಾದಂಗಡಿಯಲ್ಲಿ ಅವರು ಈ ಮಾತನ್ನು ದಿನಾ ಸಂಜೆ ಹೇಳಿದರು. ಒಪ್ಪಿದವರು ಯಾರೂ ಇರಲಿಲ್ಲ.

ವಿನೋದ ವನ ಎಣ್ಣೆ ಮಿಲ್ಲಿನ ಪಾಲಾಕ್ಷಪ್ಪನವರದು. ವ್ಯಾಪಾರದ ಕೆಲಸಕ್ಕೆಂದು ದೊಡ್ಡ ಊರೊಂದಕ್ಕೆ ಹೋದಾಗ, ಟಿಕೆಟು ಕೊಂಡು ಒಳಗೆ ಹೋಗುವ ಆಟದ ತೋಟವನ್ನು ಅವರು ನೋಡಿದ್ದರು. ವಾಪಸು ಬಂದವರೇ ಹರಪನಹಳ್ಳಿ ರಸ್ತೆಯ ಬದಿಗೆ ಶೇಂಗಾ ಒಣಗಿಸುತ್ತಿದ್ದ ಮೂರು ಎಕರೆಗೆ ಬೇಲಿ ಹಾಕಿಸಿದರು. ಜಾರುಬಂಡೆ, ಉಯ್ಯಾಲೆ, ಸಿಮೆಂಟಿನ ಜಿಂಕೆ, ಬಾಯಿಂದ ನೀರು ಬಿಡುವ ಸಿಮೆಂಟಿನ ಮೊಸಳೆ ಬಂದವು. ಭಾನುವಾರಗಳಲ್ಲಿ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಬಸ್ಸುಗಳು ಟಾಪಿನ ಮೇಲೂ ಜನ ಹೇರಿಕೊಂಡು ಬಂದವು. ಹೊಸದಾಗಿ ಮದುವೆಯಾದವರು ಜಿಂಕೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಸಿನಿಮಾ ನಟರಿಗೆ ಇರುವ ಹಾಗೆ ಈ ತೋಟಕ್ಕೂ ಅಭಿಮಾನಿಗಳಿದ್ದರು. ಮಂಜಣ್ಣನ ಅಂಗಡಿಯ ಎರಡು ಬೆಂಚುಗಳೇ ಅವರ ಸಂಘ. ಮೊಸಳೆಗೆ ಎಷ್ಟು ಹಲ್ಲು, ಜಾರುಬಂಡೆಗೆ ಎಷ್ಟು ಮೆಟ್ಟಿಲು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಹೊಸಪೇಟೆಯಿಂದ ರೈಲಿನಲ್ಲಿ ಬಂದವನೊಬ್ಬ, ಜಿಂಕೆ ನಾಯಿಯ ಹಾಗೆ ಕಾಣುತ್ತದೆ ಎಂದದ್ದಕ್ಕೆ ಅವನಿಗೆ ಅರ್ಧ ತಾಸು ಬುದ್ಧಿ ಹೇಳಿ ಕಳಿಸಿದ್ದರು. ಬೆನಕಪ್ಪನವರು ಆಗಿನ್ನೂ ಈ ಗುಂಪಿನವರಾಗಿರಲಿಲ್ಲ. ಒಂಬತ್ತು ವರ್ಷದಿಂದ ದಿನಾ ಅದೇ ಅಂಗಡಿಗೆ ಬರುತ್ತಿದ್ದರು, ಕಂಬದ ಪಕ್ಕ ನಿಂತು ಚಹಾ ಕುಡಿದು ಹೋಗುತ್ತಿದ್ದರು. ಯಾರೂ ಬೇಡ ಎಂದಿರಲಿಲ್ಲ. ಬನ್ನಿ ಎಂದವರೂ ಇರಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಮುಂಚೆ ತೋಟದ ಬಾಗಿಲಿಗೆ ಒಂದು ಬೋರ್ಡು ಬಂತು. ‘ಹಳ್ಳದಾಚೆಯ ಹೊಸ ವಿಭಾಗವನ್ನು ಹಂತ ಹಂತವಾಗಿ ತೆರೆಯುವ ವಿಚಾರವಿದೆ. ಸಾರ್ವಜನಿಕರು ತಮ್ಮ ಅಭಿಪ್ರಾಯವನ್ನು ಬರಹದ ಮೂಲಕ ತಿಳಿಸಬಹುದು.’ ಆ ಸಂಜೆ ಅರ್ಜಿ ಬರೆಯುವ ಬೆನಕಪ್ಪನವರು ಕೂಡ್ಲಿಗಿ ಬಸ್ಸಿನಿಂದಿಳಿದು ಎಂದಿನಂತೆ ಕಂಬದ ಪಕ್ಕ ನಿಂತಾಗ, ಬೆಂಚಿನ ಮೇಲಿದ್ದ ಬೀಜ ಗೊಬ್ಬರದ ಅಂಗಡಿಯ ಉಜ್ಜಿನಪ್ಪ ಕರೆದರು.

“ರೈಟ್ರ, ಒಂದೀಟು ಇಲ್ಲಿ ಬರ್ರಿ. ಹಂತ ಹಂತ ಅಂತ ಬರ್ಸ್ಯಾರಲ್ಲ, ಏನ್ರಿ ಅದು?”

“ಒಂದಾದ ಮ್ಯಾಲೆ ಒಂದು ಅಂತ ಅರ್ಥ ರೀ. ಈಗೊಂದೀಟು, ಆಮ್ಯಾಲೆ ಒಂದೀಟು ತೆಗೀತಾರ.”

“ನಾನು ಹಂತಿ ಅಂದ್ಕಂಡಿದ್ದೆ ನೋಡ್ರಿ.”

ಕಣದಲ್ಲಿ ತೆನೆ ಹರಡಿ, ನಡುವೆ ಮೇಟಿ ನೆಟ್ಟು, ಅದರ ಸುತ್ತ ಎತ್ತುಗಳನ್ನು ತಿರುಗಿಸಿ ತುಳಿಸುವುದಕ್ಕೆ ಈ ಕಡೆ ಹಂತಿ ಎನ್ನುತ್ತಾರೆ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದ ಉಚ್ಚಂಗೆಪ್ಪ ನಗಲಿಲ್ಲ. ನಗದೆ ಮಾತಾಡುವುದು ಅವರ ರೀತಿ.

“ನೀವು ಅಂದ್ಕಂಡಿದ್ದೇ ಖರೆ ಐತಿ ಬಿಡ್ರಿ. ಆ ರೈಲಿಗೆ ಹೋಗಾಕ ಊರಿಲ್ಲ, ಸುತ್ತಿದಲ್ಲೇ ಸುತ್ತತೈತಿ. ಎತ್ತಿನ ಬದ್ಲಿ ಡಬ್ಬಿ ಹೂಡ್ಯಾರ, ಅಷ್ಟ.”

“ಹಂಗಾರ ಅದಕ್ಕ ಮೇವು ಯಾರ್ ಹಾಕ್ತಾರ?” ಎಂದ ಮಂಜಣ್ಣ ಒಲೆಯ ಕಡೆಯಿಂದ.

“ನೀನೇ ಹಾಕು. ದಿನಾ ಉಳಿತಾವಲ್ಲ ನಿನ್ನ ಬೋಂಡಾ, ರೈಲಿಗಾದ್ರೂ ಅರಗ್ಲಿ.”

ಬೆಂಚು ನಕ್ಕಿತು. ಬೆನಕಪ್ಪನವರೂ ನಕ್ಕರು. ಉಜ್ಜಿನಪ್ಪ ಸ್ವಲ್ಪ ಸರಿದು, “ಕುಂದರ್ರಿ, ನಿಂತ್ಕಂಡು ಏನ್ ಮಾಡ್ತೀರಿ,” ಎಂದರು. ಅವರು ಕುಳಿತರು. ಎಲ್ಲವನ್ನೂ ಒಮ್ಮೆಗೇ ತೆಗೆಯುವುದು ಸರಿಯೋ, ಹಂತ ಹಂತವಾಗಿ ತೆಗೆಯುವುದು ಸರಿಯೋ ಎಂಬ ಮಾತು ಶುರುವಾಯಿತು. ಬೆಂಚಿನಲ್ಲಿ ಉಳಿದ ಹನ್ನೊಂದು ಮಂದಿ ಒಮ್ಮೆಗೇ ಎಂದರು. ಬೆನಕಪ್ಪನವರು ಮಾತ್ರ ಬೇರೆ ಹೇಳಿದರು. ಎದುರು ಹೇಳುವವನೊಬ್ಬ ಸಿಕ್ಕಿದ್ದರಿಂದ ಮಾತು ಬೆಳೆಯಿತು. “ನಾಳೆ ಬರ್ರಿ, ನಿಮಗ ಉತ್ತರ ಐತಿ,” ಎಂದು ಉಚ್ಚಂಗೆಪ್ಪ ಎದ್ದು ಹೋದರು. ನಾಳೆ ಬನ್ನಿ ಎಂದು ಯಾರಿಂದಲಾದರೂ ಹೇಳಿಸಿಕೊಂಡು ಬೆನಕಪ್ಪನವರಿಗೆ ಬಹಳ ವರ್ಷಗಳಾಗಿದ್ದವು.

ಆಗ ಅವರಿಗೆ ಐವತ್ಮೂರು. ಮದುವೆಯಾದ ಮೂರನೇ ವರ್ಷಕ್ಕೆ ಹೆಂಡತಿ ದಾಕ್ಷಾಯಣಮ್ಮ ಜ್ವರದಲ್ಲಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಕೊಟ್ಟೂರಿನ ಹಿಟ್ಟಿನ ಗಿರಣಿಯೊಂದರ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಗಿರಣಿ ನಡೆಯುತ್ತಿರುವಷ್ಟು ಹೊತ್ತು ಗೋಡೆ ಸಣ್ಣಗೆ ನಡುಗುತ್ತಿತ್ತು. ಅದು ನಿಂತರೆ ಸ್ಟೌವಿನ ಸದ್ದು, ಅದೂ ನಿಂತರೆ ಏನೂ ಇಲ್ಲ. ಬೆಳಿಗ್ಗೆ ಎಂಟರ ಬಸ್ಸಿಗೆ ಕೂಡ್ಲಿಗಿಗೆ ಹೋಗಿ, ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದರು. ಜನ ಅವರನ್ನು ರೈಟರು ಎನ್ನುತ್ತಿದ್ದರು.

ದಿನವೆಲ್ಲ ಅವರೆದುರು ಯಾರಾದರೂ ಮಾತಾಡುತ್ತಲೇ ಇರುತ್ತಿದ್ದರು. ಖಾತೆ ಬದಲಾಗದವರು, ವಿಧವಾ ವೇತನ ಬಾರದವರು, ರೇಷನ್ ಕಾರ್ಡು ಕಳೆದುಕೊಂಡವರು. ಆದರೆ ಅವರು ಮಾತಾಡುತ್ತಿದ್ದದ್ದು ಕಚೇರಿಯೊಳಗಿನ ಸಾಹೇಬರ ಜೊತೆ. ಬೆನಕಪ್ಪನವರು ನಡುವೆ ಕುಳಿತ ಪೆನ್ನು. ‘ಈ ಕೆಳಗೆ ಸಹಿ ಮಾಡಿರುವ ನಾನು’ ಎಂದು ದಿನಕ್ಕೆ ಹತ್ತು ಸಲ ಬರೆಯುತ್ತಿದ್ದರು. ಆ ನಾನು ಒಮ್ಮೆ ಗುಡೇಕೋಟೆಯ ಕುರಿಗಾರ, ಒಮ್ಮೆ ಕೊಟ್ಟೂರಿನ ಸೊಸೆ. ಅರ್ಜಿ ಮುಗಿದ ಮೇಲೆ ಅವರು ಎದ್ದು ಹೋಗುತ್ತಿದ್ದರು, ಹೆಸರು ಕೇಳಿದವರು ಕಡಿಮೆ.

ಅವರ ಅರ್ಜಿಗಳಿಗೆ ಹೆಸರಿತ್ತು. ಅದಕ್ಕೆ ಕಾರಣ ಕೊನೆಯ ಪ್ಯಾರಾ. ಯಾವ ಅರ್ಜಿಯೇ ಇರಲಿ, ಕೊನೆಯಲ್ಲಿ ಹೀಗೆ ಬರೆಯುತ್ತಿದ್ದರು: ‘ಮೇಲ್ಕಂಡ ಕೋರಿಕೆಯನ್ನು ಒಂದೇ ಸಲಕ್ಕೆ ಈಡೇರಿಸಲು ಅನಾನುಕೂಲವಿದ್ದ ಪಕ್ಷದಲ್ಲಿ, ಹಂತ ಹಂತವಾಗಿಯಾದರೂ ನಡೆಸಿಕೊಡಬೇಕೆಂದು ಪ್ರಾರ್ಥನೆ.’ ಪೂರ್ತಿ ಕೇಳಿದರೆ ಇಲ್ಲ ಎನ್ನುವುದು ಸಾಹೇಬರಿಗೆ ಸುಲಭ. ಸ್ವಲ್ಪ ಕೊಡಲು ದಾರಿ ಬಿಟ್ಟರೆ ಸ್ವಲ್ಪವಾದರೂ ಕೊಡುತ್ತಾರೆ. ಇದು ಅವರು ಬೇವಿನ ಮರದ ಕೆಳಗೆ ಕಲಿತದ್ದು. ಅರ್ಜಿಯನ್ನು ಓದಿ ಹೇಳುವಾಗ ಈ ಪ್ಯಾರಾ ಓದುತ್ತಿರಲಿಲ್ಲ. ಅಲ್ಲಿಗೆ ಬಂದಾಗ “ಉಳಿದದ್ದು ಮಾಮೂಲು” ಎಂದು ಕಾಗದ ತಿರುಗಿಸಿ ಸಹಿಯ ಜಾಗ ತೋರಿಸುತ್ತಿದ್ದರು. ಒಂಬತ್ತು ವರ್ಷದಲ್ಲಿ ಆ ಮಾಮೂಲು ಏನೆಂದು ಕೇಳಿದವರಿಲ್ಲ.

ಚಳಿಗಾಲವೆಲ್ಲ ವಾದ ನಡೆಯಿತು. ಐದೂವರೆಯ ಬಸ್ಸು ತಡವಾದರೆ ಬೆಂಚಿನವರು ಕಾಯುತ್ತಿದ್ದರು. ಬೆನಕಪ್ಪನವರು ಬಸ್ಸಿನಲ್ಲೇ ಉತ್ತರಗಳನ್ನು ಕೂಡಿಸಿಕೊಂಡು ಬರುತ್ತಿದ್ದರು. ದೋಣಿಗೆಂದು ತೋಡಿದ ಹೊಸ ಕೆರೆ ಒಂದು ಮಳೆಯನ್ನೂ ಕಂಡಿಲ್ಲ, ಏರಿ ತಡೆಯುತ್ತದೋ ಇಲ್ಲವೋ ನೋಡಬೇಕು. ರೈಲಿನ ಹಳಿ ಕೂರಲು ಸಮಯ ಬೇಕು, ಬೇಕಾದರೆ ಉಚ್ಚಂಗೆಪ್ಪನವರನ್ನೇ ಕೇಳಿ.

“ಹಳಿ ಕುಂದ್ರೋದಲ್ಲ, ನೀವು ಕುಂತೀರಿ,” ಎಂದರು ಉಚ್ಚಂಗೆಪ್ಪ. “ಮಳಿ ಬರ್ಲಿ, ಬಿಸ್ಲು ಬರ್ಲಿ ಅಂದ್ಕಂತ ನಾವು ಮುದುಕ್ರಾಗ್ತೀವಿ. ನನಗ ಒಂದ ದಿನ ರಜಾ ಸಿಗ್ತೈತಿ. ಮಕ್ಳು ಮರಿ ಕಟ್ಕಂಡು ಹೋದ್ರ ರೈಲು, ದೋಣಿ, ತೊಟ್ಲ ಎಲ್ಲಾ ಆಗಬೇಕು.”

“ಒಮ್ಮೆಗೇ ತೆಗದ್ರ ಒಂದ್ ಭಾನುವಾರಕ್ಕ ಎಲ್ಲಾ ನೋಡಿ ಮುಗೀತು. ಸೋಮವಾರ ಇಲ್ಲಿ ಕುಂತು ಏನ್ ಮಾತಾಡ್ತೀರಿ?”

“ಏನಿಲ್ಲಂದ್ರ ಮನಿ ಮಾತು ಐತಲ್ರಿ,” ಎಂದರು ಉಜ್ಜಿನಪ್ಪ.

“ಅದು ಮನ್ಯಾಗ ಮಂದಿ ಇದ್ದೋರಿಗೆ,” ಎಂದರು ಬೆನಕಪ್ಪನವರು. ಆ ಹೊತ್ತಿಗೆ ಯಾರೋ ಭೂತದ ಗವಿಯ ಮಾತು ತೆಗೆದಿದ್ದರು. ಕೇಳಿಸಿಕೊಂಡವನು ಮಂಜಣ್ಣ ಒಬ್ಬನೇ.

ಸಂಕ್ರಾಂತಿ ಕಳೆದ ಮೇಲೆ ಉಜ್ಜಿನಪ್ಪ ವಿಷಯವನ್ನು ಇತ್ಯರ್ಥಕ್ಕೆ ತಂದರು. ಪಾಲಾಕ್ಷಪ್ಪ ಬಾಯಿಮಾತು ಕೇಳುವವರಲ್ಲ, ಬರೆದು ಕೊಡೋಣ ಎಂದರು. ಕೈ ಎತ್ತಿಸಿದರು. ಒಮ್ಮೆಗೇ ತೆಗೆಯಲಿ ಎಂದವರು ಹನ್ನೊಂದು, ಬೇಡ ಎಂದವರು ಒಬ್ಬರು.

“ಬರಿಯೋರು ಯಾರು?”

“ಇನ್ಯಾರು? ಸೋತೋರೇ ಬರೀಬೇಕು. ಅಕ್ಷರ ಅವರದ ಚಂದ,” ಎಂದರು ಉಚ್ಚಂಗೆಪ್ಪ.

ಬೆನಕಪ್ಪನವರು ಒಪ್ಪಿದರು. ಒಪ್ಪದೆ ಇದ್ದರೆ ಬೆಂಚಿನಲ್ಲಿ ಅವರ ಸ್ಥಾನವೇನು ಎಂಬುದು ಅವರಿಗೆ ಗೊತ್ತಿರಲಿಲ್ಲ. ಮರುದಿನ ಭಾನುವಾರ, ಗಿರಣಿಯ ಹಿಂದಿನ ಕೋಣೆಯಲ್ಲಿ ಕುಳಿತು ಎರಡು ಪುಟ ಬರೆದರು. ಬಹಳ ಒಳ್ಳೆಯ ಅರ್ಜಿ. ತಮ್ಮ ವಾದಗಳಿಗೆಲ್ಲ ಅದರಲ್ಲಿ ತಾವೇ ಉತ್ತರ ಕೊಟ್ಟಿದ್ದರು. ದೂರದ ಊರುಗಳಿಂದ ಬರುವವರು ಪದೇ ಪದೇ ಬರಲಾರರು ಎಂದಿತ್ತು. ಕೂಲಿಯವರಿಗೆ, ಗ್ಯಾಂಗ್‌ಮನ್ನರಿಗೆ ರಜೆ ಒಂದೇ ದಿನ ಎಂದಿತ್ತು. ಎರಡನೇ ಪುಟದ ಕೊನೆಯಲ್ಲಿ ಎಂದಿನ ಪ್ಯಾರಾ ಇತ್ತು.

ಸಂಜೆ ಬೆಂಚಿನ ಮುಂದೆ ನಿಂತು ಓದಿದರು. ‘ರಜೆ ಒಂದೇ ದಿನ’ ಎಂಬಲ್ಲಿ ಉಚ್ಚಂಗೆಪ್ಪ ತಲೆ ತಗ್ಗಿಸಿ ಕೇಳಿದರು. ಕೊನೆಗೆ ಬಂದಾಗ ಬೆನಕಪ್ಪನವರ ದನಿ ಒಂದು ಕ್ಷಣ ನಿಂತಿತು.

“ಉಳಿದದ್ದು ಮಾಮೂಲು,” ಎಂದು ಕಾಗದ ತಿರುಗಿಸಿದರು.

ಹನ್ನೊಂದು ಸಹಿ ಬಿದ್ದವು. ಬೆನಕಪ್ಪನವರದೂ ಸೇರಿ ಹನ್ನೆರಡು. ಆಗ ಉಜ್ಜಿನಪ್ಪ, ತೋಟದ ಬಾಗಿಲಲ್ಲಿ ಒಗ್ಗರಣೆ ಮಂಡಕ್ಕಿ ಮಾರುವ ಗಾಳೆಮ್ಮನನ್ನು ಕರೆಸಿದರು. ಹೊಸ ಭಾಗ ಪೂರ್ತಿ ತೆರೆದ ದಿನ, ದೋಣಿಯ ಕೆರೆಯ ಹತ್ತಿರ ಮೇಲೆ ತಗಡಿರುವ ಜಾಗ ಕೊಡುತ್ತೇನೆ ಎಂದು ಪಾಲಾಕ್ಷಪ್ಪ ಆಕೆಗೆ ಮಾತು ಕೊಟ್ಟಿದ್ದರು. ಒಂದೂವರೆ ವರ್ಷದ ಹಿಂದೆ ಗಂಡ ಸತ್ತಾಗ ವಿಧವಾ ವೇತನಕ್ಕೆ ಬೆನಕಪ್ಪನವರೇ ಅವಳ ಅರ್ಜಿ ಬರೆದಿದ್ದರು.

“ಯಣ್ಣ, ಈ ಬ್ಯಾಸಿಗೀಗೂ ಬಿಸ್ಲಾಗ ಕುಂದ್ರಬೇಕೇನು ಅಂತ ಮಾಡಿದ್ದೆ. ನೀ ಬರದೀ ಅಂದ್ರ ಆತು ಬಿಡು,” ಎಂದು ಗಾಳೆಮ್ಮ ಹೆಬ್ಬೆಟ್ಟು ಒತ್ತಿದಳು. ಮಸಿ ಹತ್ತಿದ ಬೆರಳನ್ನು ಎಲ್ಲಿ ಒರೆಸುವುದೆಂದು ನೋಡುತ್ತಿದ್ದಾಗ ಬೆನಕಪ್ಪನವರು ತಮ್ಮ ಪೆನ್ನು ಒರೆಸುವ ಬಟ್ಟೆ ಕೊಟ್ಟರು.

ಹದಿನೈದು ದಿನಕ್ಕೆ ಹಳೆಯ ಬೋರ್ಡಿನ ಮೇಲೆ ಹೊಸ ಬಣ್ಣ ಬಂತು. ‘ಸಾರ್ವಜನಿಕರ ಲಿಖಿತ ಕೋರಿಕೆಯ ಮೇರೆಗೆ ಹೊಸ ವಿಭಾಗವನ್ನು ಹಂತ ಹಂತವಾಗಿ ತೆರೆಯಲಾಗುವುದು. ಯುಗಾದಿಗೆ ರೈಲು. ಉಳಿದವು ಮುಂದೆ.’ ಉಜ್ಜಿನಪ್ಪ ಅದನ್ನು ಎರಡು ಸಲ ಓದಿ ನೇರ ಎಣ್ಣೆ ಮಿಲ್ಲಿಗೆ ಹೋದರು. ಸಂಜೆ ಬೆನಕಪ್ಪನವರು ಬಸ್ಸಿನಿಂದಿಳಿದಾಗ ಅರ್ಜಿ ಉಜ್ಜಿನಪ್ಪನವರ ಕೈಯಲ್ಲಿತ್ತು. ಕೊನೆಯ ಪ್ಯಾರಾದ ಕೆಳಗೆ ಕೆಂಪು ಪೆನ್ಸಿಲಿನ ಗೆರೆ.

“ಇದೇನ್ರಿ ರೈಟ್ರ?”

“ಅದು ಮಾಮೂಲು ರೀ. ಎಲ್ಲಾ ಅರ್ಜ್ಯಾಗೂ ಇರ್ತೈತಿ.”

“ಮಾಮೂಲು ಅಂದ್ರ ಇದಾ? ಹನ್ನೊಂದು ಮಂದಿ ಬ್ಯಾಡ ಅಂದಿದ್ದನ್ನ ಹನ್ನೊಂದು ಮಂದಿ ಕೈಲೇ ಬೇಕು ಅನ್ಸೀರಲ್ಲ.”

“ರೂಢಿ ರೀ. ಕೈ ಹಂಗ ಹೋಗ್ತೈತಿ.”

“ಪಾಲಾಕ್ಷಪ್ಪ ನಗ್ತಾರ್ರಿ. ಯಜಮಾನ, ನೀವೇ ಬರ್ಕೊಟ್ಟೀರಿ, ಓದ್ಲಾರದ ಸಹಿ ಹಾಕ್ತೀರೇನು ಅಂತಾರ. ನಾ ಏನ್ ಹೇಳ್ಲಿ?”

ಉಚ್ಚಂಗೆಪ್ಪ ಅರ್ಜಿ ತೆಗೆದುಕೊಂಡು, ರಜೆಯ ಸಾಲು ಇರುವ ಪುಟವನ್ನು ಸ್ವಲ್ಪ ಹೊತ್ತು ನೋಡಿ, ಮಡಚಿ ಬೆಂಚಿನ ಮೇಲಿಟ್ಟರು. ಸುದ್ದಿ ಕೇಳಿ ಬುಟ್ಟಿ ಹೊತ್ತುಕೊಂಡೇ ಬಂದಿದ್ದ ಗಾಳೆಮ್ಮ ಬಾಗಿಲಲ್ಲಿ ನಿಂತಿದ್ದಳು.

“ಯಣ್ಣ, ನನ್ನ ಹೆಬ್ಬೆಟ್ಟು ಅದ್ರ ಕೆಳಗ ಐತಿ,” ಎಂದಳು.

ಯಾರೂ ಬೈಯಲಿಲ್ಲ. ಮರುದಿನ ಅವರು ಬಂದಾಗ ಬೆಂಚಿನಲ್ಲಿ ಜಾಗವಿತ್ತು, ಕುಳಿತರು. ನಡೆಯುತ್ತಿದ್ದ ಮಾತು ಶೇಂಗಾ ದರದ ಕಡೆಗೆ ತಿರುಗಿತು. ಶೇಂಗಾ ದರದ ಬಗ್ಗೆ ಬೆನಕಪ್ಪನವರಿಗೆ ಹೇಳಲು ಏನೂ ಇರಲಿಲ್ಲ. ಒಂದು ವಾರ ಹೀಗೆಯೇ ನಡೆಯಿತು. ಅವರು ಬಂದೊಡನೆ ತೋಟದ ಮಾತು ನಿಲ್ಲುತ್ತಿತ್ತು, ಎದ್ದು ಗಿರಣಿಯ ತಿರುವಿಗೆ ಹೋಗುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು. ಒಂದು ದಿನ ಎಲ್ಲರೂ ಹೋದ ಮೇಲೆ ಮಂಜಣ್ಣ ಲೋಟ ತೊಳೆಯುತ್ತ ಕೇಳಿದ.

“ಖರೆ ಹೇಳ್ರಿ. ಗೊತ್ತಿದ್ದು ಬರದ್ರೋ, ಗೊತ್ತಿಲ್ದೋ?”

ಬೆನಕಪ್ಪನವರು ತಮ್ಮ ಖಾಲಿ ಲೋಟವನ್ನು ಅವನ ಕಡೆ ಸರಿಸಿದರು.

“ಬರಿಯುವಾಗ ಕೈ ತಾನ ಹೋತು. ಓದುವಾಗ ಗೊತ್ತಿತ್ತು.”

ಮಂಜಣ್ಣ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಾಗುತ್ತಿತ್ತೋ ಏನೋ ಎಂದು ಆಮೇಲೆ ಅವನಿಗೆ ಅನ್ನಿಸಿದ್ದುಂಟು.

ಯುಗಾದಿಗೆ ಹತ್ತು ದಿನವಿರುವಾಗ ಬೆನಕಪ್ಪನವರು ಇನ್ನೊಂದು ಅರ್ಜಿ ಬರೆದರು. ಅದಕ್ಕೆ ಎರಡು ದಿನ ಹಿಡಿಯಿತು. ‘ಈ ಕೆಳಗೆ ಸಹಿ ಮಾಡಿರುವ ನಾನು’ ಎಂದು ಬರೆದು, ಮುಂದೆ ಯಾವ ಹೆಸರು ಎಂದು ಕೇಳಲು ತಲೆ ಎತ್ತಿದರಂತೆ. ಎದುರಿಗೆ ಯಾರೂ ಇರಲಿಲ್ಲ. ಹಿಂದಿನ ಅರ್ಜಿಯ ಕೊನೆಯ ಪ್ಯಾರಾ ತನ್ನೊಬ್ಬನದು, ಸಹಿ ಹಾಕಿದವರದಲ್ಲ, ಅವರಿಗೆ ಅದನ್ನು ಓದಿ ಹೇಳಿರಲಿಲ್ಲ, ಹೊಸ ಭಾಗವನ್ನು ಒಮ್ಮೆಗೇ ತೆರೆಯಬೇಕು ಎಂದು ಬರೆದಿದ್ದರು. ಕೊನೆಯಲ್ಲಿ ಮಾಮೂಲಿನ ಪ್ಯಾರಾ ಇರಲಿಲ್ಲ.

ಪಾಲಾಕ್ಷಪ್ಪ ಮಿಲ್ಲಿನ ಗಾದಿಯ ಮೇಲೆ ಕುಳಿತು ಓದಿದರು. ಕಾಗದ ತಿರುಗಿಸಿ ಹಿಂದೆ ನೋಡಿದರು.

“ಕೊನಿಗೆ ಏನೂ ಇಲ್ಲಲ್ಲ?”

“ಇಲ್ರಿ.”

“ಹಂಗಾರ ನನಗೂ ದಾರಿ ಇಲ್ಲ ನೋಡ್ರಿ. ಆಗೋದಿಲ್ಲ ಅಂತ ಅನ್ನಬೇಕಾಗ್ತೈತಿ. ತೊಟ್ಲದ ಸಾಮಾನೇ ಇನ್ನೂ ಬಂದಿಲ್ಲ. ಹನ್ನೆರಡು ಸಹಿ ಇದ್ದ ಕಾಗದ ಬಿಟ್ಟು ಒಂದು ಸಹಿದು ಹೆಂಗ ಹಿಡೀಲಿ?”

“ಗಾಳೆಮ್ಮಗಾದ್ರೂ ಈಗ ಜಾಗ ಕೊಡ್ರಿ. ಆಕೀದೇನೂ ತಪ್ಪಿಲ್ಲ.”

ಪಾಲಾಕ್ಷಪ್ಪ ಯೋಚಿಸಿ, ರೈಲಿನ ಬಾಗಿಲ ಹತ್ತಿರ ನಾಲ್ಕು ತಗಡು ಹಾಕಿಸಿ ಕೊಡುತ್ತೇನೆ ಎಂದರು. ಮಾತಿಗೆ ತಪ್ಪಲಿಲ್ಲ. ಯುಗಾದಿಯ ದಿನ ರೈಲು ಸುತ್ತಿತು, ಗಾಳೆಮ್ಮ ನೆರಳಿನಲ್ಲಿ ಕುಳಿತಳು. ಬೆನಕಪ್ಪನವರು ಜನದ ನಡುವೆ ಹಾದು ಹೋಗುವಾಗ ಕರೆದು ಒಂದು ಪೊಟ್ಟಣ ಮಂಡಕ್ಕಿ ಕೊಟ್ಟಳು.

“ಜಾಗ ಸಿಕ್ತು. ನೀ ಹೇಳಿ ಕೊಡ್ಸಿದ್ದಂತ, ಗೊತ್ತಾತು,” ಎಂದಳು. “ಆದ್ರ ಯಣ್ಣ, ಇನ್ನೊಮ್ಮೆ ಎಲ್ಲಿ ಒತ್ತಬೇಕಾದ್ರೂ ಓದ್ಸಿ ಕೇಳ್ತೀನಿ.”

ಕೂಡ್ಲಿಗಿಯ ಬೇವಿನ ಮರದ ಕೆಳಗೆ ಬೆನಕಪ್ಪನವರೂ ಆ ಬೇಸಿಗೆಯಿಂದ ಅರ್ಜಿಗಳನ್ನು ಕೊನೆಯ ಸಾಲಿನವರೆಗೆ ಓದಿ ಹೇಳತೊಡಗಿದರು. ಹೊತ್ತಾಗುತ್ತಿತ್ತು. ಕೆಲವರು ಬೇಸತ್ತು ಪಕ್ಕದ ರೈಟರ ಹತ್ತಿರ ಹೋದರು.

ಮಳೆಗಾಲದಲ್ಲಿ ಕೆರೆ ತುಂಬಿತು, ಏರಿ ತಡೆಯಿತು. ದಸರೆಯ ಹೊತ್ತಿಗೆ ದೋಣಿ ಬಿಟ್ಟರು. ಮೊದಲ ಭಾನುವಾರ ಮಧ್ಯಾಹ್ನ ಬೆನಕಪ್ಪನವರು ಒಗೆದ ಪಂಚೆ ಉಟ್ಟು ಸಾಲಿನಲ್ಲಿ ನಿಂತರು. ಒಂದು ದೋಣಿಗೆ ನಾಲ್ಕು ಜನ. ಹುಟ್ಟು ಹಾಕಲು ಹೊಳೆಯ ಕಡೆಯಿಂದ ಓಬಳೇಶಪ್ಪ ಎಂಬ ಅಂಬಿಗರನ್ನು ಕರೆಸಿದ್ದರು. ಸರದಿ ಬಂದು ಬೆನಕಪ್ಪನವರು ದೋಣಿ ಹತ್ತಿದಾಗ ಅವರ ಹಿಂದೆ ಮೂವರಿದ್ದರು: ಉಜ್ಜಿನಪ್ಪ, ಉಚ್ಚಂಗೆಪ್ಪ, ಅಂದು ಅಂಗಡಿ ಮುಚ್ಚಿಕೊಂಡು ಬಂದಿದ್ದ ಮಂಜಣ್ಣ.

“ಇನ್ನೂ ಮೂವರು ಬರ್ರಿ,” ಎಂದು ಓಬಳೇಶಪ್ಪ ಕರೆದರು. “ಒಬ್ರು ಹತ್ಯಾರ.”

ಮಂಜಣ್ಣ ಒಂದು ಹೆಜ್ಜೆ ಮುಂದಿಟ್ಟ. ಉಜ್ಜಿನಪ್ಪ ನೀರು ನೋಡುತ್ತಿದ್ದರು.

“ನೀವು ಹೊಂಡ್ರಿ. ನಮ್ಮೋರು ಇನ್ನೊಬ್ರು ಬರ್ತಾರ, ಆಮ್ಯಾಲೆ ಬರ್ತೀವಿ,” ಎಂದರು ಉಚ್ಚಂಗೆಪ್ಪ. ಸೌಮ್ಯವಾಗಿಯೇ ಹೇಳಿದರು. ಮಂಜಣ್ಣ ಇಟ್ಟ ಹೆಜ್ಜೆ ಹಿಂದೆ ತೆಗೆದುಕೊಂಡ.

ಹಿಂದೆ ಮಕ್ಕಳ ಗುಂಪು ಕೂಗಾಡುತ್ತಿತ್ತು. ಓಬಳೇಶಪ್ಪ ಹೆಚ್ಚು ಕಾಯಲಿಲ್ಲ.

“ಒಬ್ರೇ ಇದ್ರ ನಡುವ ಕುಂದ್ರಬೇಕ್ರಿ. ಬದಿಗೆ ಕುಂತ್ರ ವಾಲ್ತೈತಿ.”

ಬೆನಕಪ್ಪನವರು ನಡುವೆ ಸರಿದು ಕುಳಿತರು. ದೋಣಿ ದಂಡೆ ಬಿಟ್ಟಿತು. ಕೆರೆ ದೊಡ್ಡದೇನಲ್ಲ, ನಡುವಿನವರೆಗೆ ಹೋಗಿ ತಿರುಗುವುದು ಅಷ್ಟೆ. ಅಲ್ಲಿಂದ ದಂಡೆ ಚೆನ್ನಾಗಿ ಕಾಣುತ್ತಿತ್ತು. ಉಜ್ಜಿನಪ್ಪ, ಇನ್ನೂ ಬಟ್ಟೆ ಹೊದಿಸಿ ಮುಚ್ಚಿಟ್ಟಿದ್ದ ದೊಡ್ಡ ತೊಟ್ಟಿಲಿನ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದರು. ಉಚ್ಚಂಗೆಪ್ಪ ಅದನ್ನು ಒಪ್ಪದೆ ತಲೆಯಾಡಿಸುತ್ತಿದ್ದರು. ಮಂಜಣ್ಣ ನಡುವೆ ಬಾಯಿ ಹಾಕಿದ, ಮೂವರೂ ನಕ್ಕರು. ಬೆನಕಪ್ಪನವರು ಕೈಯನ್ನು ಕಿವಿಯ ಹತ್ತಿರ ತಂದು ಆಲಿಸಿದರು. ದನಿಗಳು ನೀರಿನ ಮೇಲೆ ಹಾದು ಬರುತ್ತಿದ್ದವು. ಯಾರ ದನಿ ಯಾವುದೆಂದು ಗೊತ್ತಾಗುತ್ತಿತ್ತು, ಮಾತು ಮಾತ್ರ ಒಂದೂ ತಿಳಿಯುತ್ತಿರಲಿಲ್ಲ.